ಆರ್ಸ್ ಗ್ರಾಮದ ಚರ್ಚು: ಒಂದು ಧರ್ಮಕೇಂದ್ರದ ಏಳುಬೀಳು

ಫ್ರಾನ್ಸಿನ ಲಿಯೊನ್ ನಗರದ ಉತ್ತರಕ್ಕೆ ಸುಮಾರು 35 ಕಿಲೋಮೀಟರ್ ದೂರದಲ್ಲಿ, ಕೆರೆಗಳಿಗೆ ಹೆಸರಾದ ದೊಂಬ್ ಸೀಮೆಯಲ್ಲಿರುವ ಆರ್ಸ್ ಗ್ರಾಮದ ಜನಸಂಖ್ಯೆ 19ನೆಯ ಶತಮಾನದ ಆರಂಭದಲ್ಲಿ ಹೆಚ್ಚುಕಡಿಮೆ 230 ಇತ್ತು. ಸಂತ ಸಿಕ್ಸ್ಟಸನ ಹೆಸರಿನ ಅಲ್ಲಿನ ಪುಟ್ಟ ಚರ್ಚು ಶಿಲ್ಪಕ್ಕಾಗಲಿ ಚಿತ್ರಕ್ಕಾಗಲಿ ಪ್ರಸಿದ್ಧವಾಗಿರಲಿಲ್ಲ. ಆದರೂ ಫ್ರಾನ್ಸಿನ ಹಳ್ಳಿಯ ಚರ್ಚುಗಳು ಕ್ರಾಂತಿಯ ಕಾಲದಲ್ಲಿಯೂ ಆಮೇಲೂ ಕಂಡ ಏರಿಳಿತವನ್ನು ಅರಿಯಲು ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ.

1789ರ ನವೆಂಬರಿನಲ್ಲಿ ಚರ್ಚಿನ ಆಸ್ತಿಯೆಲ್ಲ ರಾಷ್ಟ್ರದ ವಶವಾಯಿತು. 1793ರಲ್ಲಿ ಪ್ರತಿ ಧರ್ಮಕೇಂದ್ರಕ್ಕೆ, ಅಂದರೆ ಒಬ್ಬ ವಿಚಾರಣಾ ಗುರುವಿನ ಹೊಣೆಗೆ ಒಳಪಟ್ಟ ಭಕ್ತರ ವ್ಯಾಪ್ತಿಗೆ, ಒಂದೇ ಗಂಟೆಯನ್ನು ಉಳಿಸಿ ಮಿಕ್ಕವನ್ನು ಫಿರಂಗಿಗಳಿಗಾಗಿ ಕರಗಿಸಬೇಕೆಂಬ ಆಜ್ಞೆ ಹೊರಟಿತು. ಆರ್ಸ್ ಸೇರಿದ್ದ ಎನ್ ಜಿಲ್ಲೆಯಲ್ಲಿ ಸರ್ಕಾರದ ಪ್ರತಿನಿಧಿ ಆಲ್ಬಿತ್ ಗಂಟೆಗೋಪುರಗಳನ್ನೇ ಕೆಡವಿಸಿದ್ದರಿಂದ ಈ ಚರ್ಚೂ 1794ರಲ್ಲಿ ತನ್ನ ಗೋಪುರವನ್ನು ಕಳೆದುಕೊಂಡಿತು. ನೆಪೋಲಿಯನ್ನನು 1801ರಲ್ಲಿ ಪೋಪರೊಡನೆ ಮಾಡಿಕೊಂಡ ಒಪ್ಪಂದದಿಂದ ಪೂಜೆ ಮರಳಿ ಬಂದಿತಾದರೂ ಮಾರಾಟವಾದ ಭೂಮಿ ಮರಳಲಿಲ್ಲ, ಆರ್ಸ್‌ಗೆ ಸ್ವತಂತ್ರ ಧರ್ಮಕೇಂದ್ರದ ಸ್ಥಾನವೂ ದಕ್ಕಲಿಲ್ಲ. ಅದು ನೆರೆಯ ಮಿಝೇರಿಯಕ್ಕೆ ಅಧೀನವಾಗಿತ್ತು.

ಇಂಥ ಊರಿಗೆ 1818ರಲ್ಲಿ ಗುರುವಾಗಿ ಬಂದ ಜಾನ್ ಮರಿ ವಿಯಾನಿ, ಕ್ರಾಂತಿಯ ದಿನಗಳಲ್ಲಿ ಗುಟ್ಟಾಗಿ ನಡೆದ ಪೂಜೆಯಲ್ಲಿ ಮೊದಲ ಪರಮಪ್ರಸಾದ ಸ್ವೀಕರಿಸಿದ್ದ ರೈತರ ಮಗ. ಆತನು 1820ರಲ್ಲಿ ಇಟ್ಟಿಗೆಯ ಗೋಪುರವನ್ನು ಕಟ್ಟಿಸಿದನು, ಮುಂದಿನ ವರ್ಷ ಊರು ಪ್ರತ್ಯೇಕ ಧರ್ಮಕೇಂದ್ರವಾಯಿತು, ಬಳಿಕ ಒಂದರ ಹಿಂದೊಂದರಂತೆ ಪಕ್ಕದ ಪೂಜಾಗೃಹಗಳು ಸೇರಿಕೊಂಡವು. ಆದರೆ ಚರ್ಚಿನ ಹಣೆಬರಹವನ್ನು ಬದಲಿಸಿದ್ದು ಕಟ್ಟಡವಲ್ಲ, ಪಾಪನಿವೇದನೆ. ಗುರುವಿನ ಮುಂದೆ ತಪ್ಪುಗಳನ್ನು ಒಪ್ಪಿಕೊಂಡು ಕ್ಷಮೆ ಪಡೆಯುವ ಈ ಸಂಸ್ಕಾರಕ್ಕಾಗಿ ವರ್ಷಕ್ಕೆ ಹತ್ತಾರು ಸಾವಿರ ಜನ ಬರತೊಡಗಿದರು, ಆತನು ದಿನದಲ್ಲಿ ಹದಿನಾರು ಗಂಟೆಗಳವರೆಗೂ ನಿವೇದನಾ ಪೀಠದಲ್ಲಿ ಕೂರಬೇಕಾಯಿತು. ಹಳ್ಳಿಯವರಿಗೆಂದು ಕಟ್ಟಿದ ಚರ್ಚಿನಲ್ಲಿ ಹಳ್ಳಿಯವರೇ ಅಲ್ಪಸಂಖ್ಯಾತರಾದರು.

ಅಲ್ಲಿ ನಡೆದವೆಂದು ಜನ ನಂಬಿದ ಪವಾಡಗಳನ್ನು ವಿಯಾನಿ ತನ್ನವೆನ್ನದೆ ಸಂತ ಫಿಲೋಮಿನಾಳ ಕೃಪೆಯೆಂದು ಹೇಳುತ್ತಿದ್ದುದರಿಂದ, ಆಗ ಹರಡುತ್ತಿದ್ದ ಆಕೆಯ ಭಕ್ತಿಗೆ ಆರ್ಸ್ ಒಂದು ಮುಖ್ಯ ನೆಲೆಯಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರು 1933ರಲ್ಲಿ ಶಂಕುಸ್ಥಾಪನೆ ಮಾಡಿದ ಮೈಸೂರಿನ ಚರ್ಚಿಗೂ ಆಕೆಯದೇ ಹೆಸರು.

1859ರ ಆಗಸ್ಟ್ 4ರಂದು ವಿಯಾನಿ ತೀರಿಕೊಂಡ ಮೇಲೆ, ಮುಂದೆ ಲಿಯೊನ್‌ನ ಫೂರ್ವಿಯೇರ್ ಬಸಿಲಿಕಾವನ್ನು ರೂಪಿಸಲಿದ್ದ ವಾಸ್ತುಶಿಲ್ಪಿ ಪಿಯೇರ್ ಬೊಸ್ಸಾನ್ 1862ರಲ್ಲಿ ಹೊಸ ಬಸಿಲಿಕಾದ ಕೆಲಸವನ್ನು ಆರಂಭಿಸಿದನು. ಆತನು ಬಲಿಪೀಠವಿದ್ದ ಹಿಂಭಾಗವನ್ನು ತೆಗೆಸಿ, ಭಕ್ತರು ಕೂರುವ ಹಳೆಯ ಅಂಕಣವನ್ನೂ ಗೋಪುರವನ್ನೂ ಉಳಿಸಿಕೊಂಡು, ಗುಮ್ಮಟವುಳ್ಳ ಆಡಂಬರದ ಕಟ್ಟಡವನ್ನು ಅದಕ್ಕೆ ಜೋಡಿಸಿದನು. ವಿಯಾನಿಯನ್ನು 1925ರಲ್ಲಿ ಸಂತನೆಂದೂ 1929ರಲ್ಲಿ ಜಗತ್ತಿನ ವಿಚಾರಣಾ ಗುರುಗಳೆಲ್ಲರ ಪಾಲಕನೆಂದೂ ಸಾರಲಾಯಿತು. ಹಳೆಯದಕ್ಕೂ ಹೊಸದಕ್ಕೂ ಶೈಲಿಯಲ್ಲಿ ಹೊಂದಾಣಿಕೆಯಿಲ್ಲ. ಆದರೆ ಅಂಕಣವನ್ನು ಕೆಡವಿ ಏಕರೂಪದ ಭವ್ಯತೆಯನ್ನು ಸಾಧಿಸಿದ್ದರೆ ವಿಯಾನಿ ದುಡಿದ ಚರ್ಚೇ ಅಳಿದುಹೋಗುತ್ತಿದ್ದುದರಿಂದ, ಬೊಸ್ಸಾನನ ಈ ಒರಟು ಜೋಡಣೆಯೇ ಸರಿಯಾದ ತೀರ್ಮಾನವಾಗಿತ್ತು.