ಮೊಬೈಲಿನ ಆಯುಸ್ಸು

ವಾಲ್ವು ರೇಡಿಯೊ ಇದ್ದ ಮನೆಯ ಹಿರಿಯರನ್ನು ಕೇಳಿ ನೋಡಿ. ಧ್ವನಿ ಕ್ಷೀಣಿಸಿತೆಂದು ಆ ಪೆಟ್ಟಿಗೆಯನ್ನು ಯಾರೂ ಎಸೆಯುತ್ತಿರಲಿಲ್ಲ. ಪೇಟೆಯ ರಿಪೇರಿಯವರು ಬಂದು ಹಿಂದಿನ ಹಲಗೆ ಬಿಚ್ಚಿ, ಕೆಟ್ಟ ವಾಲ್ವನ್ನು ಕಿತ್ತು, ಹೊಸದೊಂದನ್ನು ಕೂರಿಸುವರು. ಪೆಟ್ಟಿಗೆ ಮತ್ತೆ ಹಾಡುವುದು. ಇಂದು ಅಂಥ ಮನೆಯ ಬೀರುವಿನಲ್ಲಿಯೇ ಮೂರು ನಾಲ್ಕು ಮೂಕ ಮೊಬೈಲುಗಳು ಮಲಗಿರುವುದುಂಟು. ರೇಡಿಯೊಗಿಂತ ಎಷ್ಟೋ ಪಾಲು ಜಾಣ ಯಂತ್ರವು ಇಷ್ಟು ಅಲ್ಪಾಯುವಾದದ್ದು ಹೇಗೆ? ಅದಕ್ಕೊಂದು ಚರಿತ್ರೆಯಿದೆ.

ಮೊಟೊರೋಲಾ ಸಂಸ್ಥೆಯ ಮಾರ್ಟಿನ್ ಕೂಪರ್ ಎಂಬವರು 1973ರ ಏಪ್ರಿಲ್ 3ರಂದು ನ್ಯೂಯಾರ್ಕಿನ ಬೀದಿಯಲ್ಲಿ ನಿಂತು, ಕೈಯಲ್ಲಿ ಹಿಡಿದ ಫೋನಿನಿಂದ ಮೊದಲ ಕರೆ ಮಾಡಿದರು. ಹತ್ತು ವರ್ಷಗಳ ಬಳಿಕ ಅದು ಪೇಟೆಗೆ ಸಿದ್ಧವಾದಾಗ ಬೆಲೆ 3,995 ಡಾಲರು. ಹತ್ತು ಗಂಟೆ ಚಾರ್ಜ್ ಮಾಡಿದರೆ ಅರ್ಧ ಗಂಟೆ ಮಾತು! ನಮ್ಮ ದೇಶದಲ್ಲಿ 1995ರ ಜುಲೈ 31ರಂದು ಕಲ್ಕತ್ತೆಯಿಂದ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖ್‌ರಾಮ್ ಅವರೊಡನೆ ಮಾತನಾಡಿದ್ದು ಮೊದಲ ಮೊಬೈಲ್ ಕರೆ.

ನಮ್ಮ ಕಥೆಗೆ ಮುಖ್ಯವಾದದ್ದು 2003ರಲ್ಲಿ ಬಂದ ನೋಕಿಯಾ 1100. ಧೂಳು ಹೊಗದ ಗುಂಡಿಗಳು, ತಲೆಯಲ್ಲೊಂದು ಟಾರ್ಚು. ಇಪ್ಪತ್ತೈದು ಕೋಟಿಗೂ ಹೆಚ್ಚು ಮಾರಾಟವಾದ ಫೋನು ಅದು. ಬೆನ್ನಿನ ಮುಚ್ಚಳವನ್ನು ಕೈಯಿಂದಲೇ ತೆಗೆದು ಬ್ಯಾಟರಿ ಬದಲಿಸಬಹುದಿತ್ತು. ಆ ಬ್ಯಾಟರಿ ಎಷ್ಟು ಬಳಕೆಗೆ ಬಂತೆಂದರೆ, ಮುಂದೆ ಎಷ್ಟೋ ಅಗ್ಗದ ಜೇಬು ರೇಡಿಯೊಗಳೂ ಅದನ್ನೇ ತಮ್ಮ ಹೊಟ್ಟೆಯಲ್ಲಿ ಇರಿಸಿಕೊಂಡವು.

2007ರಲ್ಲಿ ಆಪಲ್ ಸಂಸ್ಥೆಯ ಐಫೋನು ಬಂದಾಗ ಈ ಮುಚ್ಚಳ ಮಾಯವಾಯಿತು. ಬ್ಯಾಟರಿ ಒಳಗೇ ಬಂಧಿ. 2011ರ ಹೊತ್ತಿಗೆ ಸಾಮಾನ್ಯ ಸ್ಕ್ರೂಡ್ರೈವರಿಗೆ ಒಗ್ಗದ ಐದು ದಳದ ತಲೆಯ ಸ್ಕ್ರೂಗಳೂ ಬಂದವು. ಉಳಿದವರು ಮೆಲ್ಲಮೆಲ್ಲನೆ ಅದೇ ದಾರಿ ಹಿಡಿದರು. ಫೋನು ತೆಳುವಾಯಿತು, ನೀರಿಗೆ ಅಷ್ಟಾಗಿ ಅಂಜದಾಯಿತು, ಇದನ್ನು ಅಲ್ಲಗಳೆಯಲಾಗದು. ಆದರೆ ಲಿಥಿಯಂ ಬ್ಯಾಟರಿ ಸವೆಯುವ ವಸ್ತು. ಪ್ರತಿ ಸಲ ಚಾರ್ಜ್ ಮಾಡಿದಾಗಲೂ ಅದರೊಳಗಿನ ಲಿಥಿಯಮ್ಮಿನ ಒಂದಿಷ್ಟು ಅಂಶ ಕೆಲಸಕ್ಕೆ ಬಾರದಂತೆ ಸಿಕ್ಕಿಬೀಳುತ್ತದೆ. ಬಿಸಿಲಲ್ಲಿಟ್ಟರೆ ಇನ್ನೂ ಬೇಗ. ಸವೆಯುವ ಭಾಗವನ್ನೇ ತೆಗೆಯಲಾಗದಂತೆ ಕೂರಿಸಿದರೆ ಇಡೀ ಯಂತ್ರಕ್ಕೆ ಅದರ ಆಯುಸ್ಸೇ ಗತಿ.

ಇದು ಬಯಲಾದದ್ದು 2017ರ ಡಿಸೆಂಬರಿನಲ್ಲಿ. ಹಳೆಯ ಐಫೋನುಗಳು ನಿಧಾನವಾಗುತ್ತಿವೆಯೆಂದು ಬಳಕೆದಾರರು ಗೊಣಗುತ್ತಿದ್ದರು. ಕೆಲವರು ಅಳೆದು ನೋಡಿ, ಬ್ಯಾಟರಿ ಬದಲಿಸಿದರೆ ಮೊದಲಿನ ವೇಗ ಮರಳುವುದೆಂದು ತೋರಿಸಿದರು. ಆಗ ಆಪಲ್ ಸಂಸ್ಥೆ ಒಪ್ಪಿಕೊಂಡಿತು: ಬ್ಯಾಟರಿ ದುರ್ಬಲವಾದ ಫೋನುಗಳು ಇದ್ದಕ್ಕಿದ್ದಂತೆ ನಿಂತುಹೋಗದಿರಲೆಂದು ಅಪ್‌ಡೇಟಿನ ಮೂಲಕ ತಾನೇ ವೇಗ ತಗ್ಗಿಸಿದ್ದಾಗಿ ಹೇಳಿತು. ಕಾರಣ ಸುಳ್ಳಲ್ಲ. ಆದರೆ ಅದನ್ನು ಒಡೆಯನಿಗೆ ಹೇಳಬೇಡವೆ? ಬ್ಯಾಟರಿಯಿಂದ ಮುಗಿಯುವ ಕೆಲಸಕ್ಕೆ ಹೊಸ ಫೋನನ್ನೇ ಕೊಂಡವರಿಗೆ ಏನು ಸಮಾಧಾನ? ಸಂಸ್ಥೆ ಕ್ಷಮೆ ಕೇಳಿತು; ಬ್ಯಾಟರಿ ಬದಲಾವಣೆಯ ದರವನ್ನು 79 ಡಾಲರಿನಿಂದ 29ಕ್ಕೆ ಇಳಿಸಿತು. 2020ರಲ್ಲಿ ಫ್ರಾನ್ಸ್ ಎರಡೂವರೆ ಕೋಟಿ ಯೂರೊ ದಂಡ ವಿಧಿಸಿತು. ದಂಡ ವೇಗ ತಗ್ಗಿಸಿದ್ದಕ್ಕಲ್ಲ, ತಿಳಿಸದಿದ್ದುದಕ್ಕೆ.

ಅಪ್‌ಡೇಟ್ ಎಂಬುದು ಫೋನಿನ ಇನ್ನೊಂದು ಉಸಿರು. ಅದು ನಿಂತರೆ ಗಟ್ಟಿಮುಟ್ಟಾದ ಯಂತ್ರವೂ ಕಳ್ಳರಿಗೆ ತೆರೆದ ಬಾಗಿಲಾಗುತ್ತದೆ; ಬ್ಯಾಂಕಿನ ಆ್ಯಪುಗಳೂ ಒಂದು ದಿನ ಒಲ್ಲೆನ್ನುತ್ತವೆ. ಎಷ್ಟೋ ಕಾಲ ಆಂಡ್ರಾಯ್ಡ್ ಫೋನುಗಳಿಗೆ ಎರಡು ಮೂರು ವರ್ಷ ಸಿಕ್ಕರೆ ಅದೇ ಭಾಗ್ಯವಾಗಿತ್ತು. 2023ರಲ್ಲಿ ಗೂಗಲ್, 2024ರ ಆರಂಭದಲ್ಲಿ ಸ್ಯಾಮ್‌ಸಂಗ್, ತಮ್ಮ ಮೇಲ್ದರ್ಜೆಯ ಫೋನುಗಳಿಗೆ ಏಳು ವರ್ಷದ ಮಾತು ಕೊಟ್ಟವು. ಯೂರೋಪಿನ ಒಕ್ಕೂಟ ಕಾನೂನನ್ನೇ ಮಾಡಿತು. 2025ರ ಜೂನ್ 20ರಿಂದ ಅಲ್ಲಿ ಪೇಟೆಗೆ ಬರುವ ಮಾದರಿಗಳಿಗೆ, ಮಾರಾಟ ನಿಂತ ಮೇಲೂ ಐದು ವರ್ಷ ಅಪ್‌ಡೇಟ್, ಏಳು ವರ್ಷ ಬಿಡಿಭಾಗ ಒದಗಿಸಬೇಕು. ಅದೇ ಸಂಸ್ಥೆಗಳು, ಅದೇ ಕಾರ್ಖಾನೆಗಳು. ಕೇಳುವವರು ಹುಟ್ಟಿಕೊಂಡರು, ಆಯುಸ್ಸು ಬೆಳೆಯಿತು. ನಮ್ಮ ಕೇಂದ್ರ ಸರ್ಕಾರವೂ 2022ರಲ್ಲಿ ರಿಪೇರಿಯ ಹಕ್ಕಿನ ಚೌಕಟ್ಟಿಗಾಗಿ ಸಮಿತಿಯೊಂದನ್ನು ನೇಮಿಸಿತು.

ಅಲ್ಲಿಯವರೆಗೆ ಈ ದೇಶದಲ್ಲಿ ಹಕ್ಕನ್ನು ಕಾಯ್ದವರು ಬೀದಿಬದಿಯ ರಿಪೇರಿಯವರೇ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಸತ್ತ ಫೋನಿನ ಪರದೆ ಇನ್ನೊಂದಕ್ಕೆ ಕಣ್ಣಾಗುತ್ತದೆ. ಮೊಬೈಲು ತನ್ನ ಜೀವಮಾನದಲ್ಲಿ ವಾತಾವರಣಕ್ಕೆ ಹೊರಿಸುವ ಭಾರದ ಬಹುಪಾಲು ತಯಾರಿಕೆಯಲ್ಲೇ ಆಗಿಹೋಗಿರುತ್ತದೆಂಬುದನ್ನು ನೋಡಿದರೆ, ಇವರ ಕೆಲಸವನ್ನು ಕೇವಲ ಜುಗಾಡ್ ಎಂದು ನಕ್ಕುಬಿಡುವುದು ಸಲ್ಲದೆಂದು ನನಗೆ ತೋರುತ್ತದೆ.

ಕರಗಿಸಿ ಲೋಹ ತೆಗೆಯುವುದು ಕೊನೆಯ ಮಾತು. 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ವಿದ್ಯುನ್ಮಾನ ಕಸ ಬಿತ್ತು. ಸರಿಯಾಗಿ ಸಂಗ್ರಹವಾಗಿ ಮರುಬಳಕೆಗೆ ಸಂದದ್ದಕ್ಕೆ ದಾಖಲೆಯಿರುವುದು ನೂರಕ್ಕೆ 22.3 ಪಾಲಿಗೆ ಮಾತ್ರ. ಉಳಿದುದರಲ್ಲಿ ಎಷ್ಟೋ ಭಾಗವನ್ನು ಬಡವರು ಆಮ್ಲದಲ್ಲಿ ಅದ್ದಿ, ತಂತಿ ಸುಟ್ಟು, ತಮ್ಮ ಶ್ವಾಸಕೋಶದ ಬೆಲೆ ತೆತ್ತು ಬಿಡಿಸುತ್ತಾರೆ. ಸರಿಯಾದ ಕ್ರಮಕ್ಕೆ ಉದಾಹರಣೆ ನಮ್ಮಲ್ಲೇ ಉಂಟು: ದಾಬಸ್‌ಪೇಟೆಯಲ್ಲಿ 2005ರಲ್ಲಿ ಆರಂಭವಾದ ಇ-ಪರಿಸರ ಘಟಕ ದೇಶದಲ್ಲೇ ಮೊದಲಿನದು. ಕಸದ ನಿಯಮಗಳು ಜಾರಿಗೆ ಬಂದದ್ದು 2012ರಲ್ಲಿ.

ಇನ್ನು ನಿಮ್ಮ ಬೀರುವಿನ ಮೂಕ ಫೋನುಗಳು. ಬ್ಯಾಟರಿ ಉಬ್ಬಿದ್ದರೆ ಚುಚ್ಚಬೇಡಿ, ಚಾರ್ಜಿಗೆ ಹಾಕಬೇಡಿ, ಗುಜರಿಯವರ ಚೀಲಕ್ಕೂ ಬೇಡ. ಅಧಿಕೃತ ಸಂಗ್ರಹ ಕೇಂದ್ರಕ್ಕೆ ಒಪ್ಪಿಸಿ. ಉಬ್ಬಿಲ್ಲವಾದರೆ ಮೊದಲು ರಿಪೇರಿಯವರಿಗೆ ತೋರಿಸಿ, ಬರಿಯ ಬ್ಯಾಟರಿಗೆ ಎಷ್ಟಾಗುವುದೆಂದು ಕೇಳಿ.