ಸೇಂಟ್ ಲೂಯಿಸಿನ ದೀಪಗಳು

ವಿಜ್ಞಾನ ಬೆಳೆದರೆ ಮನುಷ್ಯರು ತಾವಾಗೇ ಸಮಾನರಾಗ್ತಾರೆ ಅಂತ ಹೇಳುವವರಿದ್ದಾರೆ. ಅವರಿಗೆ ನಾವು 1904ರ ಸೇಂಟ್ ಲೂಯಿಸ್ ನೆನಪು ಮಾಡಬೇಕು.

ಅಮೆರಿಕದ ಆ ನಗರದಲ್ಲಿ ಸುಮಾರು 1,200 ಎಕರೆಯಲ್ಲಿ ಜಾಗತಿಕ ವಸ್ತುಪ್ರದರ್ಶನ ನಡೆಯಿತು. ವಿದ್ಯುತ್ ದೀಪ, ಮೋಟಾರು ಕಾರು, ತಂತಿಯಿಲ್ಲದೆ ಸುದ್ದಿ ಕಳಿಸುವ ಯಂತ್ರ ಎಲ್ಲ ಇತ್ತು. ಮನುಷ್ಯರನ್ನೂ ಇಟ್ಟಿದ್ದರು! 1898ರಲ್ಲಿ ಸ್ಪೇನಿನಿಂದ ಕಿತ್ತುಕೊಂಡ ಫಿಲಿಪೈನ್ಸಿನ ಸಾವಿರಕ್ಕೂ ಹೆಚ್ಚು ಜನ. ಯುದ್ಧಕೈದಿಯಾಗಿದ್ದ ಅಪಾಚೆ ನಾಯಕ ಜೆರೊನಿಮೊ. ಕಾಂಗೋದಿಂದ ತಂದ ಓಟಾ ಬೆಂಗಾ. ತಾವು ಮುಂದುವರಿದವರು ಅಂತ ತೋರಿಸೋಕೆ ಯಂತ್ರವೊಂದೇ ಸಾಲದು, ಎದುರಿಗೆ 'ಹಿಂದುಳಿದವ' ಒಬ್ಬ ನಿಂತಿರಬೇಕು. ಇದಕ್ಕೆ ಮಾನವಶಾಸ್ತ್ರ ಅಂತ ಹೆಸರಿಟ್ಟರು.

1906ರಲ್ಲಿ ಬೆಂಗಾನನ್ನು ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದ ಕೋತಿಮನೆಯಲ್ಲಿಟ್ಟರು. ಜನ ಮುಗಿಬಿದ್ದು ನೋಡಿದರು. ಜೇಮ್ಸ್ ಗಾರ್ಡನ್ ಮತ್ತಿತರ ಕಪ್ಪು ಪಾದ್ರಿಗಳು ಪ್ರತಿಭಟಿಸಿದರು. ಅವರ ಕೂಗಿನಿಂದ ಬೆಂಗಾ ಬೋನಿನಾಚೆ ಬಂದ. ತನ್ನ ನೆಲಕ್ಕೆ ಮಾತ್ರ ಮರಳಲಾಗಲಿಲ್ಲ. 1916ರಲ್ಲಿ ಗುಂಡು ಹಾರಿಸಿಕೊಂಡು ಸತ್ತ. ಮೃಗಾಲಯ ನಡೆಸುವ ಸಂಸ್ಥೆ ಕ್ಷಮೆ ಕೇಳಿದ್ದು 2020ರಲ್ಲಿ!

ನಾವು ಯಂತ್ರದ ವೈರಿಗಳಲ್ಲ. ದೀಪ ನಮಗೂ ಬೇಕು. ಆದರೆ ಆ ಬೆಳಕಿನಲ್ಲಿ ಯಾರನ್ನು ಬೋನಿನಲ್ಲಿ ನಿಲ್ಲಿಸಿದ್ದಾರೆ ಅಂತ ಕೇಳದೆ ನಾವು ಚಪ್ಪಾಳೆ ತಟ್ಟೋದಿಲ್ಲ.