ಬಸುರಿಯ ಹಲ್ಲು, ಕಳಚಿದ ಕ್ಯಾಪು: ಕಳಸ ಸೀಮೆಯ ಒಂದು ಹಳೆಯ ಅಂಜಿಕೆ

ಬಸುರಿಯ ಹಲ್ಲು ಮುಟ್ಟಬಾರದೆಂಬ ಕಟ್ಟಳೆ, ಹಲ್ಲಿನ ಚಿಕಿತ್ಸೆ ಎಂದರೆ ಕೀಳುವುದಷ್ಟೇ ಆಗಿದ್ದ ಕಾಲದ್ದು. ವಸಡು ಮರಗಟ್ಟಿಸುವ ಪ್ರೊಕೇನ್ ಬಳಕೆಗೆ ಬಂದದ್ದು 1905ರಲ್ಲಿ. ಪೆನಿಸಿಲಿನ್ ಸಾಮಾನ್ಯರಿಗೆ ದಕ್ಕಿದ್ದು ಎರಡನೇ ಮಹಾಯುದ್ಧದ ನಂತರ. ಅದಕ್ಕೂ ಮೊದಲು ಕಿತ್ತ ಜಾಗಕ್ಕೆ ನಂಜೇರಿದರೆ ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯವಿತ್ತು. ಚಿಕ್ಕಮಗಳೂರು ಜಿಲ್ಲೆಯ ಕಳಸದಂಥ ಕಡೆ ನೆಲವೂ ಈ ಹೆದರಿಕೆಯನ್ನು ಬಲಪಡಿಸಿತು. ಮಳೆಗಾಲದಲ್ಲಿ ಭದ್ರೆ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗಿದರೆ ಹೊರನಾಡಿನ ನೇರ ದಾರಿಯೇ ಕಡಿದುಹೋಗುತ್ತದೆ. ಲವಂಗ ಕಚ್ಚಿಕೊಂಡು, ಉಪ್ಪುನೀರು ಮುಕ್ಕಳಿಸಿ, ಬಾಣಂತನ ಮುಗಿಯುವವರೆಗೆ ನೋವು ತಡೆದುಕೊಳ್ಳುವುದು ಅಂದಿಗೆ ತಿಳಿವಳಿಕೆಯ ನಡೆಯೇ ಆಗಿತ್ತು.

ಹೆತ್ತ ಮಗುವಿಗೊಂದರಂತೆ ತಾಯಿಯ ಹಲ್ಲು ಹೋಗುತ್ತದೆ ಎಂಬ ನಂಬಿಕೆ ಅನೇಕ ದೇಶಗಳಲ್ಲಿತ್ತು. ಅದು ನಿಜವಲ್ಲ: ಮಗುವಿನ ಮೂಳೆಗೆ ಬೇಕಾದ ಸುಣ್ಣದಂಶ ತಾಯಿಯ ಹಲ್ಲಿನಿಂದ ಹೋಗುವುದಿಲ್ಲ. ಅದು ಊಟದಿಂದ, ಸಾಲದಿದ್ದರೆ ಅವಳ ಮೂಳೆಯಿಂದ ಒದಗುತ್ತದೆ. ಆದರೂ ಹಲ್ಲು ಹಾಳಾಗುವುದನ್ನು ಜನ ಕಂಡದ್ದು ಸುಳ್ಳಲ್ಲ. ಹಾರ್ಮೋನುಗಳಿಂದ ವಸಡು ಊದಿ ರಕ್ತ ಬರುತ್ತದೆ, ವಾಂತಿಯ ಹುಳಿ ಹಲ್ಲಿನ ಮೇಲ್ಪದರವನ್ನು ತಿನ್ನುತ್ತದೆ.

ಕಾಫಿ ತೋಟದ ಲೈನ್ ಮನೆಗಳ ಹೆಂಗಸರಿಗೆ ಕಾನೂನಿನ ಆಸರೆ ತಡವಾಗಿ ಬಂತು. 1951ರ ತೋಟ ಕಾರ್ಮಿಕರ ಕಾಯ್ದೆ ವೈದ್ಯಕೀಯ ಸೌಲಭ್ಯವನ್ನು ಮಾಲೀಕರ ಹೊಣೆ ಮಾಡಿತು. 1961ರ ಹೆರಿಗೆ ಸೌಲಭ್ಯ ಕಾಯ್ದೆ 12 ವಾರಗಳ ರಜೆ ಕೊಟ್ಟಿತು. 2017ರಲ್ಲಿ ಮೊದಲ ಎರಡು ಮಕ್ಕಳಿಗೆ ಅದು 26 ವಾರವಾಯಿತು. ಹಲ್ಲಿನ ವೈದ್ಯರು ಮಾತ್ರ ಬಹುಕಾಲ ದೂರದ ಊರಿನವರೇ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು 1958ರಲ್ಲಿ, ಮಣಿಪಾಲದ್ದು 1965ರಲ್ಲಿ ಆರಂಭವಾದವು. ಕಳಸದವರು ಮಣಿಪಾಲಕ್ಕೆ ಹೋಗಬೇಕೆಂದರೆ ಕುದುರೆಮುಖದ ಮೇಲಿಂದ ಘಟ್ಟವಿಳಿದು ಕಾರ್ಕಳ ದಾಟಬೇಕು.

ಹಲ್ಲಿಗೆ ಕ್ಯಾಪ್ ಹಾಕುವ ಕಸುಬು ಹೊರಗೆ ಆಗಲೇ ಬೆಳೆದಿತ್ತು. ಮೇಣದ ಅಚ್ಚಿನಿಂದ ಲೋಹದ ಎರಕ ಹೊಯ್ಯುವ ವಿಧಾನವನ್ನು ಅಮೆರಿಕದ ವಿಲಿಯಂ ಟ್ಯಾಗರ್ಟ್ 1907ರಲ್ಲಿ ದಂತವೈದ್ಯಕ್ಕೆ ತಂದ. 1960ರ ದಶಕದಿಂದ ಲೋಹದ ಮೇಲೆ ಪಿಂಗಾಣಿ ಕೂರಿಸಿದ, ಹಲ್ಲಿನದೇ ಬಣ್ಣದ ಕ್ಯಾಪು ಹರಡಿತು. ಹಲ್ಲು ಅರೆದು, ಅಳತೆ ತೆಗೆದು, ಲ್ಯಾಬಿನಿಂದ ಬಂದದ್ದನ್ನು ಅಂಟಿಸಲು ಒಂದಕ್ಕಿಂತ ಹೆಚ್ಚು ಸಲ ಹೋಗಲೇಬೇಕು. ದಿನಗೂಲಿಯವಳಿಗೆ ಒಂದೊಂದು ಭೇಟಿಯೂ ಒಂದು ದಿನದ ಸಂಬಳದ ನಷ್ಟ.

ಹಳೆಯ ಅಂಜಿಕೆ ಸಡಿಲವಾಗಬೇಕಿದ್ದ ಹೊತ್ತಿಗೆ ವೈದ್ಯರೇ ಹೆದರಿದರು. 1961ರಲ್ಲಿ ಥಾಲಿಡೋಮೈಡ್ ಮಾತ್ರೆಯಿಂದ ಶಿಶುಗಳು ಅಂಗವಿಕಲರಾದದ್ದು ಬಯಲಾದ ಮೇಲೆ ಗರ್ಭಿಣಿಗೆ ಯಾವ ಔಷಧ ಕೊಡಲೂ ಕೈ ಹಿಂಜರಿಯಿತು. ಆ ಎಚ್ಚರ ಮೆಚ್ಚತಕ್ಕದ್ದೇ. ಆದರೆ ಬೇಕಾದ ಚಿಕಿತ್ಸೆಗೂ ಅದು ಅಡ್ಡಬಂತು. 2006ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ಗರ್ಭಿಣಿಯರಿಗೆ ವಸಡಿನ ಚಿಕಿತ್ಸೆ ಸುರಕ್ಷಿತವೆಂದು ತೋರಿಸಿತು. 2012ರಲ್ಲಿ ಅಲ್ಲಿನ ತಜ್ಞರು ಎಕ್ಸ್‌ರೇ, ಮರಗಟ್ಟಿಸುವ ಚುಚ್ಚುಮದ್ದು ಸೇರಿ ಅಗತ್ಯ ದಂತ ಚಿಕಿತ್ಸೆಯನ್ನು ಮುಂದೂಡಬೇಕಿಲ್ಲವೆಂದರು.

ಬಸಿರಿನಲ್ಲಿ ಕ್ಯಾಪ್ ಅಲುಗಿದರೆ ಕಾರಣ ಹೆಚ್ಚಾಗಿ ಹಳೆಯ ಸಿಮೆಂಟು ಸವೆದಿರುವುದು ಅಥವಾ ಒಳಗೆ ಹುಳುಕು. ಹಲ್ಲು ಗಟ್ಟಿಯಿದ್ದರೆ ಅದೇ ಕ್ಯಾಪನ್ನು ತೊಳೆದು ಮತ್ತೆ ಅಂಟಿಸಬಹುದು, ಎಷ್ಟೋ ಸಲ ಚುಚ್ಚುಮದ್ದೂ ಬೇಡ. ಹುಳುಕಿದ್ದರೆ ಅದನ್ನು ಮೊದಲು ತೆಗೆಯಬೇಕು. ನಾಲ್ಕರಿಂದ ಆರನೇ ತಿಂಗಳು ಕುರ್ಚಿಯಲ್ಲಿ ಕೂರಲು ಅನುಕೂಲ. ತಿಂಗಳು ತುಂಬುತ್ತ ಬಂದವರು ಅಂಗಾತ ಮಲಗದೆ ಎಡಕ್ಕೆ ವಾಲಿರಬೇಕು. ಕಳಚಿದ ಕ್ಯಾಪನ್ನು ಡಬ್ಬಿಯಲ್ಲಿಟ್ಟು ವೈದ್ಯರಲ್ಲಿಗೆ ಒಯ್ಯಬೇಕು. ಅಂಗಡಿಯ ಅಂಟು ಹಚ್ಚುವುದು, ಸಡಿಲ ಕ್ಯಾಪ್ ಬಾಯಲ್ಲಿಟ್ಟುಕೊಂಡು ಮಲಗುವುದು ಎರಡೂ ಅಪಾಯ. ಮುಖ ಊದಿ ಜ್ವರ ಬಂದರೆ ಅಂದೇ ಹೊರಡಬೇಕು. ನೋವಿನ ಮಾತ್ರೆಯನ್ನು ಕೇಳದೆ ನುಂಗಬಾರದು. ಐಬುಪ್ರೊಫೆನ್ 20 ವಾರಗಳ ನಂತರ ಮಗುವಿನ ಮೂತ್ರಪಿಂಡಕ್ಕೆ ತೊಂದರೆ ಮಾಡಬಲ್ಲದು.

2016ರಿಂದ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ತಪಾಸಣೆ ನಡೆಯುತ್ತಿದೆ. ತಾಯಿ ಕಾರ್ಡ್ ಹಿಡಿದು ಹೋದ ದಿನ ಹಲ್ಲಿನ ತೊಂದರೆಯನ್ನೂ ಹೇಳಿದರೆ ಮುಂದಿನ ದಾರಿ ಅಲ್ಲೇ ಕೇಳಿಕೊಳ್ಳಬಹುದು. ಮಳೆಗಾಲದಲ್ಲಿ ಹೆರಿಗೆಯಾಗುವವರು ಜೂನ್‌ಗೆ ಮೊದಲೇ ಹೇಳಿಕೊಳ್ಳುವುದು ಒಳ್ಳೆಯದು.